ಬೆನ್ನ ಮೇಲೊಂದು ಕೆಸರಿನ ಗೆರೆ

ಸೈಕಲ್ ಜಾಥಾದ ಫೋಟೋ ನೀವೂ ನೋಡಿರುತ್ತೀರಿ. ಹಸಿರು ಬಾವುಟ, ಬಿಳಿ ಟೀ ಶರ್ಟು, ಹಿಂದೆ ಸೈಕಲ್ ಹಿಡಿದ ಹೈಸ್ಕೂಲ್ ಮಕ್ಕಳು, ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತ ಗಣ್ಯರು. ‘ಹವಾಮಾನ ಬದಲಾವಣೆ ತಡೆಯುವುದು ಪ್ರತಿಯೊಬ್ಬರ ಕರ್ತವ್ಯ, ಎಲ್ಲರೂ ಸೈಕಲ್ ಬಳಸಿ’ ಅಂತ ಕರೆ. ಪ್ರತಿ ವರ್ಷ ಜೂನ್ ಮೊದಲ ವಾರ ಇದೇ ಸುದ್ದಿ, ಗಣ್ಯರು ಮಾತ್ರ ಬೇರೆ.

ಪಾಪ, ಅವರ ತಪ್ಪೇನಿಲ್ಲ. ವಿಶ್ವಸಂಸ್ಥೆಯವರು 2018ರಲ್ಲಿ ಜೂನ್ 3ನ್ನು ಸೈಕಲ್ ದಿನ ಅಂತ ಘೋಷಿಸಿಬಿಟ್ಟರು. ಎರಡು ದಿನ ಬಿಟ್ಟರೆ ಪರಿಸರ ದಿನ. ಅದರ ಬೆನ್ನಿಗೇ ಮೃಗಶಿರ ಮಳೆ ಹುಟ್ಟುತ್ತದೆ. ಈ ತಾರೀಕು ಗೊತ್ತು ಮಾಡಿದ ಪುಣ್ಯಾತ್ಮ ಮಲೆನಾಡಿನವನಂತೂ ಅಲ್ಲ. ನಮ್ಮ ಕಡೆ ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಫೆಬ್ರವರಿ ಅಂದಿರುತ್ತಿದ್ದರು.

ನಾನೂ ಆ ಜಾಥಾದಲ್ಲಿದ್ದೆ. ಗಣ್ಯರೊಬ್ಬರ ಭುಜದ ಹಿಂದೆ ಅರ್ಧ ಹೆಲ್ಮೆಟ್ ಕಾಣುತ್ತದಲ್ಲ, ಅದು ನಾನೇ. ಮುಖ್ಯ ಅತಿಥಿಗಳು ಕಾರಲ್ಲಿ ಬಂದರು. ಇಳಿದ ಮೇಲೂ ಕಾರಿನ ಇಂಜಿನ್ ಓಡುತ್ತಲೇ ಇತ್ತು, ಒಳಗಿನ ತಂಪು ಆರಿಹೋಗಬಾರದಲ್ಲ. ಬಾವುಟ ಬೀಸಿ ಚಾಲನೆ ಕೊಟ್ಟರು. ಚಾಲನೆ ಕೊಟ್ಟವರು ಚಲಿಸಬೇಕು ಅಂತ ಎಲ್ಲೂ ಕಾನೂನಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿ ಒಂದು ಲೈಟ್ ಕಂಬದಿಂದ ಇನ್ನೊಂದು ಲೈಟ್ ಕಂಬದವರೆಗೆ ತುಳಿದರು. ಕ್ಯಾಮೆರಾ ಅಲ್ಲಿಯವರೆಗೇ ಇತ್ತು. ನಾವು ಉಳಿದವರು ನಮ್ಮ ಶಿವಮೊಗ್ಗದ ಗೋಪಿ ಸರ್ಕಲ್ ತಲುಪುವ ಹೊತ್ತಿಗೆ ಮಳೆ ಧೋ ಅಂತ ಇಳಿಯಿತು. ಕೊನೆಗೆ ನನಗೊಂದು ಸರ್ಟಿಫಿಕೇಟ್ ಸಿಕ್ಕಿತು. ‘ಪರಿಸರ ಯೋಧ’. ಬ್ಯಾಗಿನೊಳಗೆ ನೀರು ನುಗ್ಗಿ ನನ್ನ ಹೆಸರು ಅಳಿಸಿಹೋಯಿತು. ಪ್ರಾಯೋಜಕರ ಹೆಸರು ಮಾತ್ರ ಇನ್ನೂ ಚೆನ್ನಾಗಿದೆ. ಕಾರು ಮಾರುವವರು.

ಅದಾಗಿ ಮೂರು ವಾರ. ಈಗ ಆರಿದ್ರ ನಡೆಯುತ್ತಿದೆ. ‘ಆದ್ರೆ ಆರಿದ್ರ, ಇಲ್ಲದಿದ್ರೆ ದರಿದ್ರ’ ಅಂತಾರೆ ದೊಡ್ಡವರು. ಗದ್ದೆ ಇದ್ದವರ ಲೆಕ್ಕ ಅದು. ಸೈಕಲ್ ಇದ್ದವನಿಗೆ ಆರಿದ್ರ ಆದರೂ ದರಿದ್ರವೇ. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್. ಬೆಳಗ್ಗೆ ಸ್ವಲ್ಪ ಹೊಳವಾಯಿತು ಅಂತ ಗೇಟು ದಾಟಿದರೆ ಎರಡನೇ ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ನನಗೇ ಕಾದು ಕೂತಿರುತ್ತದೋ ಏನೋ. ರೇನ್‌ಕೋಟ್ ಹಾಕಿಕೊಂಡು ತುಳಿದು ನೋಡಿ. ಹೊರಗಿನಿಂದ ಮಳೆ, ಒಳಗಿನಿಂದ ಬೆವರು. ಎರಡೂ ಕಡೆ ಒದ್ದೆ. ನಮ್ಮಜ್ಜ ಕಂಬಳಿ ಕೊಪ್ಪೆ ಹಾಕಿ ಇಡೀ ದಿನ ಗದ್ದೆಯಲ್ಲಿ ಇರುತ್ತಿದ್ದರು, ಒಂದು ಸೀನೂ ಇರಲಿಲ್ಲ. ಕೊಪ್ಪೆ ಹಾಕಿಕೊಂಡು ಗೇರ್ ಸೈಕಲ್ ತುಳಿಯುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.

ಮಳೆ ಹೋಗಲಿ, ಅದರ ಕೆಲಸ ಅದು ಮಾಡುತ್ತದೆ. ನನ್ನ ನಿಜವಾದ ಜಗಳ ಮಡ್‌ಗಾರ್ಡ್ ಜೊತೆ. ಸೈಕಲ್ ತರುವಾಗ ಅಂಗಡಿಯ ಹುಡುಗ 21 ಗೇರ್ ತೋರಿಸಿದ, ಡಿಸ್ಕ್ ಬ್ರೇಕ್ ತೋರಿಸಿದ. ನಾನು ಹಿಂದಿನ ಚಕ್ರದ ಮೇಲಿನ ಖಾಲಿ ಜಾಗ ತೋರಿಸಿ ‘ಇಲ್ಲಿ ಎಂತದೂ ಇಲ್ವಲ್ಲಪ್ಪ?’ ಅಂದೆ. ‘ಮಡ್‌ಗಾರ್ಡ್ ಬರಲ್ಲ ಸಾರ್, ಬೇಕಾದ್ರೆ ಎಕ್ಸ್‌ಟ್ರಾ ಹಾಕಿಸ್ಕೋಬೇಕು. ಆದ್ರೆ ಲುಕ್ ಹೋಗತ್ತೆ’ ಅಂದ. ಲುಕ್! ಮಲೆನಾಡಿನ ಊರಲ್ಲಿ, ಮಳೆಗಾಲದ ಹೊಸ್ತಿಲಲ್ಲಿ, ಮಡ್‌ಗಾರ್ಡ್ ಇಲ್ಲದ ಸೈಕಲ್! ಛತ್ರಿಗೆ ಬಟ್ಟೆ ಎಕ್ಸ್‌ಟ್ರಾ ಅಂದ ಹಾಗಾಯಿತು. ನಾನೂ ದುಡ್ಡು ಉಳಿಸಲು ಹೋದೆ ಅನ್ನಿ. ಈಗ ದಿನಾ ಕಚೇರಿ ಮುಟ್ಟುವ ಹೊತ್ತಿಗೆ ಸೊಂಟದಿಂದ ಕುತ್ತಿಗೆಯವರೆಗೆ ಬೆನ್ನ ಮೇಲೆ ನೆಟ್ಟಗೆ ಒಂದು ಕೆಸರಿನ ಗೆರೆ. ನನಗೆ ಕಾಣಲ್ಲ, ಕಚೇರಿಗೆಲ್ಲ ಕಾಣುತ್ತದೆ. ಅಟೆಂಡರ್ ನಮಸ್ಕಾರ ಮಾಡುವುದು ಮುಂದಿನಿಂದ, ನಗುವುದು ಹಿಂದಿನಿಂದ.

ಅಪ್ಪನ ಹತ್ತಿರ ಒಂದು ಅಟ್ಲಾಸ್ ಸೈಕಲ್ ಇತ್ತು. ಕಬ್ಬಿಣದ ಮಡ್‌ಗಾರ್ಡು, ಚೈನಿಗೆ ಪೂರ್ತಿ ಮುಚ್ಚಳ, ಡೈನಮೋ, ಹಿಂದೆ ಕ್ಯಾರಿಯರ್. ಕ್ಯಾರಿಯರ್ ಮೇಲೆ ಅಡಿಕೆ ಮೂಟೆ, ಬಾರ್ ಮೇಲೆ ನಾನು. ಆ ಸೈಕಲ್ ಮಾಡಿದವರು ಯಾರೂ ‘ಪರಿಸರ’ ಅಂದಿರಲಿಕ್ಕಿಲ್ಲ, ಆದರೆ ಮಳೆ ಅಂದರೆ ಏನು ಅಂತ ಅವರಿಗೆ ಗೊತ್ತಿತ್ತು. ಅಟ್ಲಾಸ್‌ನವರು ತಮ್ಮ ಕೊನೆಯ ದೊಡ್ಡ ಕಾರ್ಖಾನೆಗೆ, ಅದು ದಿಲ್ಲಿ ಪಕ್ಕದ ಸಾಹಿಬಾಬಾದಿನಲ್ಲಿತ್ತು, ಬೀಗ ಹಾಕಿದ್ದು 2020ರಲ್ಲಿ. ತಾರೀಕು ಯಾವುದು ಹೇಳಿ ನೋಡೋಣ? ಜೂನ್ 3. ವಿಶ್ವ ಸೈಕಲ್ ದಿನ! ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ ಮಾರಾಯ್ರೇ, ಇಷ್ಟು ಚೆನ್ನಾಗಿ ಕಟ್ಟಲು ನನಗೆ ಬರಲ್ಲ.

ಇನ್ನೊಂದು ಗುಟ್ಟು ಹೇಳಬೇಕು. ಸೈಕಲ್ ಸೀಟು ಒದ್ದೆಯಾಗಬಾರದು ಅಂತ ನಾನು ಅದಕ್ಕೊಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದೇನೆ. ಮೊಬೈಲಿಗೊಂದು ಕವರ್, ಪರ್ಸಿಗೊಂದು, ಕಚೇರಿಯಲ್ಲಿ ಹಾಕಿಕೊಳ್ಳುವ ಒಣ ಸಾಕ್ಸಿಗೊಂದು. ರಾಜ್ಯದಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧವಾಗಿದ್ದು 2016ರಲ್ಲಿ. ಅಂದರೆ ಈ ಪರಿಸರ ಯೋಧ ದಿನಾ ನಾಲ್ಕು ಅಕ್ರಮ ಕವರ್ ಹೊತ್ತು ಭೂಮಿ ಉಳಿಸಲು ಹೊರಡುತ್ತಾನೆ. ಒಂದೊಂದು ಕವರೂ ಅಪರೂಪದ್ದು. ತೊಳೆದು, ಒರೆಸಿ, ಕಿಟಕಿಗೆ ಸಿಕ್ಕಿಸಿ ಒಣಗಿಸುತ್ತೇನೆ.

ನನ್ನಿಂದ ಭೂಮಿಗೆ ಎಷ್ಟು ತೊಂದರೆ ಆಗಿದೆ ಅಂತ ತಿಳಿದುಕೊಳ್ಳುವ ಆಸೆಯಾಯಿತು. ಮೊಬೈಲಿನಲ್ಲಿ ಕಾರ್ಬನ್ ಹೆಜ್ಜೆಗುರುತು ಲೆಕ್ಕ ಹಾಕುವ ಆಪ್ ಇದೆ. ಮೊದಲ ಪ್ರಶ್ನೆ: ವರ್ಷಕ್ಕೆ ಎಷ್ಟು ಸಲ ವಿಮಾನದಲ್ಲಿ ಹೋಗುತ್ತೀರಿ? ನಮ್ಮೂರಿಗೂ 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂದಿದೆ, ಸುಳ್ಳಲ್ಲ. ಹವಾಮಾನದ ಬಗ್ಗೆ ಭಾಷಣ ಮಾಡುವವರು ಬೆಂಗಳೂರಿಂದ ಹಾರಿಕೊಂಡೇ ಬರಬಹುದು. ನಾನು ಸೊನ್ನೆ ಅಂತ ಒತ್ತಿದೆ. ಮುಂದಿನದು: ಬಟ್ಟೆ ಒಣಗಿಸಲು ಯಂತ್ರ ಬಳಸುತ್ತೀರಾ? ಇಲ್ಲ. ಯಾಕೆ ಅಂತ ಅದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನಮ್ಮಲ್ಲಿ ಬಟ್ಟೆ ಒಣಗುವ ಪದ್ಧತಿಯೇ ಇಲ್ಲ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ತೂಗು ಹಾಕುತ್ತೇವೆ. ಎರಡು ದಿನಕ್ಕೆ ಪ್ಯಾಂಟು ಬೆಚ್ಚಗಾಗುತ್ತದೆ, ಹೊಗೆ ವಾಸನೆ ಬರುತ್ತದೆ, ಒಣಗುವುದಿಲ್ಲ. ಸ್ನಾನದ ನೀರಿಗೆ ಏನು ಬಳಸುತ್ತೀರಿ ಎಂಬುದಕ್ಕೆ ಗ್ಯಾಸ್, ಕರೆಂಟು, ಸೋಲಾರ್ ಅಂತ ಮೂರೇ ಉತ್ತರ. ಅಡಿಕೆ ಹಾಳೆಗೆ ಜಾಗವೇ ಇಲ್ಲ. ಕೊನೆಗೆ ಆಪ್ ನನಗೆ ಬುದ್ಧಿ ಹೇಳಿತು: ‘ವಾರಕ್ಕೊಂದು ದಿನ ಕಾರು ಬಿಟ್ಟು ಸೈಕಲ್ ಬಳಸಿ.’

ಈ ‘ನಿಮ್ಮ ಹೆಜ್ಜೆಗುರುತು ಎಷ್ಟು?’ ಅನ್ನುವ ಮಾತನ್ನು ಮನೆಮನೆಗೆ ಹಂಚಿದವರು ಯಾರು ಗೊತ್ತಾ? ಪರಿಸರದವರಲ್ಲ. ಬಿಪಿ ಅನ್ನುವ ಬ್ರಿಟಿಷ್ ಎಣ್ಣೆ ಕಂಪನಿ. 2004ರ ಸುಮಾರಿಗೆ ದೊಡ್ಡ ಜಾಹೀರಾತು ಮಾಡಿ, ಜನರಿಗೆ ಲೆಕ್ಕ ಹಾಕಿಕೊಳ್ಳಲು ಕ್ಯಾಲ್ಕುಲೇಟರನ್ನೂ ಕೊಟ್ಟಿತು. ಎಂಥ ಜಾಣತನ ನೋಡಿ. ನೆಲದಿಂದ ಎಣ್ಣೆ ತೆಗೆದು ಮಾರಿದವರು ಅವರು, ಕೂತು ಪಾಪದ ಲೆಕ್ಕ ಬರೆಯಬೇಕಾದವರು ನಾವು. ಹೆಂಡದಂಗಡಿಯವನೇ ಕುಡುಕನಿಗೆ ಡೈರಿ ಕೊಟ್ಟು ‘ದಿನಾ ಎಷ್ಟು ಕುಡಿದೆ ಬರ್ಕೋ’ ಅಂದ ಹಾಗೆ. ಅದರಲ್ಲೂ ನಾವು ಕುಡಿದಿದ್ದೆಷ್ಟು? ಒಬ್ಬ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಒಬ್ಬ ಅಮೆರಿಕದವನ ಪಾಲಿಗೆ ಸುಮಾರು 14 ಟನ್. ನಮ್ಮ ಆ 2 ಟನ್ನಿನಲ್ಲೂ ಗಣ್ಯರ ಕಾರಿನ ಇಂಜಿನ್ ಸೇರಿದೆ. ನನ್ನೊಬ್ಬನದೇ ಬಿಡಿಸಿ ನೋಡಿದರೆ ಕೆಸರು ಬಿಟ್ಟು ಹೆಚ್ಚೇನೂ ಸಿಗಲಿಕ್ಕಿಲ್ಲ.

ಪಕ್ಕದ ಮನೆ ರಾಯರು ಇದನ್ನೆಲ್ಲ ಒಪ್ಪುವುದಿಲ್ಲ. ‘ಎಂತ ಹವಾಮಾನ ಬದಲಾವಣೆ ಮಾರಾಯ್ರೇ? ಆಗುಂಬೆಯಲ್ಲಿ 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4508 ಮಿಲಿಮೀಟರ್ ಹೊಯ್ದಿತ್ತು. ಆಗ ನಿಮ್ಮ ಕಾರ್ಬನ್ ಎಲ್ಲಿತ್ತು?’ ಅಂತಾರೆ. ಅವರು ಹೇಳುವ ಅಂಕಿ ಸರಿಯೇ. ಅಷ್ಟು ನೀರು ನಿಂತಿದ್ದರೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಂತರೂ ಮುಳುಗುತ್ತಿದ್ದರು. ಮಳೆ ನಮಗೆ ಹೊಸದಲ್ಲ ರಾಯರೇ, ಒಪ್ಪಿದೆ. ಕೆಟ್ಟಿರುವುದು ಪಂಚಾಂಗ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ. ಆ ವರ್ಷ ನಾನು ರೇನ್‌ಕೋಟ್ ಮಡಿಸಿ ಅಟ್ಟಕ್ಕೆ ಹಾಕಿದೆ. 2025ರಲ್ಲಿ ಮುಂಗಾರು ಎಂಟು ದಿನ ಮೊದಲೇ, ಮೇ 24ಕ್ಕೇ ಕೇರಳಕ್ಕೆ ಬಂದು ನಿಂತಿತು. ಅಟ್ಟದಿಂದ ಕೋಟು ತೆಗೆಯಲೂ ಪುರುಸೊತ್ತು ಕೊಡಲಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಜಾಸ್ತಿ ನೀರಾವಿ ಹಿಡಿಯುತ್ತದಂತೆ. ದೊಡ್ಡ ಹಂಡೆ ಸಿಕ್ಕ ಹಾಗೆ. ತುಂಬಲು ಹೊತ್ತು ಹಿಡಿಯುತ್ತದೆ, ಮಗುಚಿದರೆ ಬಚ್ಚಲಷ್ಟೇ ಅಲ್ಲ, ನಡುಮನೆಯೂ ಒದ್ದೆ. ಇಷ್ಟು ಹೇಳಿದರೆ ರಾಯರು ‘ಹೌದಾ’ ಅಂತಾರೆ. ಆ ‘ಹೌದಾ’ದಲ್ಲಿ ‘ಇಲ್ಲ’ ಇರುತ್ತದೆ.

ನಮ್ಮೂರಲ್ಲಿ ಸೈಕಲ್ಲಿಗೆ ಬೇರೆ ದಾರಿಯೇ ಇದೆ, ಮರೆತಿದ್ದೆ. ಬಣ್ಣ ಬಳಿದು, ಸೈಕಲ್ ಚಿತ್ರ ಬರೆದು ಕೊಟ್ಟಿದ್ದಾರೆ. ಚೆನ್ನಾಗಿದೆ, ಸಮತಟ್ಟಾಗಿದೆ. ಹಾಗಾಗಿಯೇ ಕಾರು ನಿಲ್ಲಿಸಲು ಪ್ರಶಸ್ತ. ಕಾರುಗಳ ನಡುವೆ ಗೋಬಿ ಮಂಚೂರಿ ಗಾಡಿ, ಆಮೇಲೆ ಟ್ರಾನ್ಸ್‌ಫಾರ್ಮರ್, ಆಮೇಲೊಂದು ಗುಂಡಿ. ಸೈಕಲ್ಲಿನ ಚಿತ್ರ ಕಾರುಗಳ ಅಡಿಯಲ್ಲಿ ಮಳೆ ತಾಗದೆ ಬೆಚ್ಚಗಿದೆ. ನಾನು ಮಾತ್ರ ರಸ್ತೆಯಲ್ಲಿ.

ಒಮ್ಮೊಮ್ಮೆ ತಮಾಷೆ ಸಾಕಾಗಿ ಹೋಗುತ್ತದೆ.

ಪ್ರತಿಯೊಬ್ಬರ ಕರ್ತವ್ಯ ಅಂತೀರಲ್ಲ. ಹೆದ್ದಾರಿ ಅಗಲ ಮಾಡಲು ಸಾಲುಮರ ಉರುಳಿಸುವಾಗ ‘ಪ್ರತಿಯೊಬ್ಬ’ನನ್ನು ಯಾರು ಕೇಳಿದ್ದರು? ಗುಡ್ಡವನ್ನು ಕೇಕ್ ಕೊಯ್ದ ಹಾಗೆ ನೆಟ್ಟಗೆ ಕೊಯ್ದರು. ಜರಿದು ಬಿದ್ದ ಮೇಲೆ ಪ್ರಕೃತಿ ವಿಕೋಪ ಅಂದರು. ಪಶ್ಚಿಮ ಘಟ್ಟದ ಬಗ್ಗೆ ಗಾಡ್ಗೀಳರ ವರದಿ ಬಂದಿದ್ದು 2011ರಲ್ಲಿ, ಕಸ್ತೂರಿರಂಗನ್ ವರದಿ 2013ರಲ್ಲಿ. ವಯನಾಡಿನ ಗುಡ್ಡ ಕುಸಿದ ಮಾರನೇ ದಿನದ ತಾರೀಕು ಹಾಕಿ, 2024ರ ಜುಲೈ 31ಕ್ಕೆ, ಘಟ್ಟವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಘೋಷಿಸುವ ಕರಡನ್ನು ಕೇಂದ್ರ ಆರನೇ ಸಲ ಹೊರಡಿಸಿತು. ಸೆಪ್ಟೆಂಬರಿನಲ್ಲಿ ನಮ್ಮ ಸಂಪುಟ ಬೇಡ ಅಂದಿತು. ಬೇಡ ಅಂದವರಲ್ಲಿ ನನ್ನ ನೆಂಟರೂ ಇದ್ದಾರೆ. ತೋಟ ಹೋಗುತ್ತದೆ ಅಂತ ಹೆದರಿದ್ದರು. ಹೋಗುತ್ತದೋ ಇಲ್ಲವೋ ಅಂತ ಅವರ ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳುವ ಒಬ್ಬ ಅಧಿಕಾರಿ ಇಷ್ಟು ವರ್ಷದಲ್ಲಿ ಬರಲಿಲ್ಲ. ಈಗ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಬೇಕಂತೆ, ಅಂದರೆ ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟು ಮಾಡುವ ಯೋಜನೆ. ಅದಕ್ಕೆ ಹಸಿರು ಅಂತ ಹೆಸರು. ಕಾಡು ಕಡಿಯುವುದಕ್ಕೂ ಹಸಿರು, ಜಾಥಾದ ಬಾವುಟಕ್ಕೂ ಹಸಿರು. ಒಂದೇ ಬಟ್ಟೆ ಇರಬೇಕು.

ಇನ್ನು ಸೈಕಲ್ ಅಂದರಲ್ಲ. ಸರ್ಕಾರಿ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳಿಗೆ 2006-07ರಿಂದ ಸೈಕಲ್ ಕೊಡುತ್ತಿದ್ದರು. ಕೊರೋನಾ ಬಂದಾಗ ನಿಂತಿತು. ಕೊರೋನಾ ಹೋದ ಮೇಲೂ ನಿಂತೇ ಇತ್ತು. ತೀರ್ಥಹಳ್ಳಿ, ಹೊಸನಗರದ ಕಡೆ ಹೋದರೆ ನೋಡಿ, ಬ್ಯಾಗಿನ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುತ್ತಾ ಮೂರು ಕಿಲೋಮೀಟರ್ ನಡೆಯುವ ಹುಡುಗಿಯರು ಸಿಗುತ್ತಾರೆ. ಅವರ ಹೆಜ್ಜೆಗುರುತು ಕೆಸರಿನಲ್ಲಿ ಸ್ಪಷ್ಟವಾಗಿ ಮೂಡಿರುತ್ತದೆ. ಯಾವ ಆಪೂ ಬೇಡ.

ಮೊನ್ನೆ ಭಾನುವಾರ ಗಾಜನೂರಿನ ತುಂಗಾ ಅಣೆಕಟ್ಟಿನಿಂದ ನೀರು ಬಿಟ್ಟರು ಅಂತ ಸುದ್ದಿ ಬಂತು. ಇಡೀ ಶಿವಮೊಗ್ಗಕ್ಕೆ ಆಗ ಇರುವುದು ಒಂದೇ ಪ್ರಶ್ನೆ: ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿರುವ ಆ ಪುಟ್ಟ ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ನೋಡಲು ಊರೆಲ್ಲ ಕಾರು ತೆಗೆಯುತ್ತದೆ. ನಾನು ಹಿತ್ತಿಲಿನಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದೆ. ಒಂದೇ ರಾತ್ರಿಗೆ ಕೇಸರಿ ಬಣ್ಣದ ತುಕ್ಕು. ಗೇಟಿನ ಹತ್ತಿರ ಹಾರ್ನ್ ಆಯಿತು.

‘ಮಂಟಪ ಮುಳುಗಿದೆಯಂತೆ, ಬರ್ತೀರಾ?’ ಅಂದರು ರಾಯರು.

ಸೈಕಲ್ಲಲ್ಲಿ ಬರುತ್ತೇನೆ ಅನ್ನಬೇಕು ಅಂತ ಬಾಯಿಗೆ ಬಂತು. ಮಳೆ ಜೋರಾಯಿತು. ಕೈ ಒರೆಸಿಕೊಂಡು ಹೋದೆ.

‘ಒಂದು ನಿಮಿಷ ತಡೀರಿ, ಬೆನ್ನು ಸ್ವಲ್ಪ...’ ಅಂದ ರಾಯರು ಡಿಕ್ಕಿ ತೆಗೆದು, ದೊಡ್ಡದೊಂದು ಪ್ಲಾಸ್ಟಿಕ್ ಕವರ್ ತಂದು ಹಿಂದಿನ ಸೀಟಿಗೆ ಹಾಸಿದರು. ಒಳ್ಳೆಯ ಕವರ್. ಇಳಿಯುವಾಗ ಕೇಳಿ ತೆಗೆದುಕೊಂಡೆ.