ಶಾಲು ಹೊದೆಸಿ, ತಟ್ಟೆ ಕೊಟ್ಟರು

ಬೀದರದಲ್ಲಿ ಕೂತು ಸಮುದ್ರದ ಬಗ್ಗೆ ಬರೆಯುವವನಿಗೇ ಮೊದಲು ಒಂದು ಪದಕ ಕೊಡಬೇಕು. ನಮ್ಮಲ್ಲಿ ಮಾಂಜ್ರಾ ತುಂಬಿ ಹರಿದರೆ ಮನೆಮಂದಿಯೆಲ್ಲ ಗಾಡಿ ಹತ್ತಿ ನೋಡಲು ಹೋಗ್ತೀವಿ. ಆದರೂ ಟೆಲೆಸ್ಫೊರೊ ಟ್ರಿನಿಡಾಡ್ ಕಥೆ ಓದಿದ ಮೇಲೆ ಸುಮ್ನಿರೋಕೆ ಆಗಲಿಲ್ಲ.

ಫಿಲಿಪೀನ್ಸಿನ ಈ ಹುಡುಗ ಅಮೆರಿಕದ ನೌಕಾಪಡೆ ಸೇರಿದ್ದ. ಯುಎಸ್‌ಎಸ್ ಸ್ಯಾನ್ ಡಿಯಾಗೊ ಹಡಗಿನ ಬಾಯ್ಲರ್ ಕೋಣೆಯಲ್ಲಿ ಕೆಲಸ. 1915ರ ಜನವರಿ 21ರಂದು ಅಲ್ಲಿ ಸ್ಫೋಟವಾಯಿತು. ಹೊರಗೆ ಬಂದವನು ಮತ್ತೆ ಒಳಗೆ ನುಗ್ಗಿದ, ಗಾಯಗೊಂಡ ಜೊತೆಗಾರನನ್ನು ಎತ್ತಿಕೊಂಡು ಬರುವಷ್ಟರಲ್ಲಿ ಪಕ್ಕದ ಕೋಣೆಯೂ ಸಿಡಿದು ಇವನ ಮುಖವೇ ಸುಟ್ಟಿತು, ಅಷ್ಟಾದರೂ ಜೊತೆಗಾರನನ್ನು ಬೇರೆಯವರ ಕೈಗೆ ದಾಟಿಸಿ ಇನ್ನೊಬ್ಬನನ್ನು ಹೊರತರಲು ನೆರವಾದ. ಅಮೆರಿಕದ ಅತಿ ದೊಡ್ಡ ಸೇನಾ ಪದಕ ಮೆಡಲ್ ಆಫ್ ಆನರ್ ಸಿಕ್ಕಿತು. ಮೇಲೆ 100 ಡಾಲರ್.

ಮಜಾ ಇರೋದು ಆಮೇಲೆ. ಮೊದಲ ಮಹಾಯುದ್ಧ ಮುಗಿದ ಬಳಿಕ ಅದೇ ನೌಕಾಪಡೆ ಫಿಲಿಪೀನ್ಸಿನಿಂದ ಬಂದವರನ್ನು ಹೆಚ್ಚುಕಮ್ಮಿ ಅಧಿಕಾರಿಗಳ ಊಟ-ತಿಂಡಿ ಬಡಿಸುವ ಕೆಲಸಕ್ಕೇ ಕಟ್ಟಿಹಾಕಿತು. 1970ರ ದಶಕದ ತನಕ! ಬೆಂಕಿಗೆ ಹಾರಿದವನ ಊರಿನವರು ಬಾಯ್ಲರ್ ಮುಟ್ಟಬಾರದು, ಸಾಹೇಬರ ಚಹಾ ಬಿಸಿ ಮಾಡಬಹುದು. ಟ್ರಿನಿಡಾಡ್ 1968ರಲ್ಲಿ ತೀರಿಕೊಂಡ. 2022ರಲ್ಲಿ ಒಂದು ಯುದ್ಧನೌಕೆಗೆ ಅವನ ಹೆಸರು ಘೋಷಿಸಿದರು. ಸತ್ತವನು ಬಡ್ತಿ ಕೇಳಲ್ಲ ನೋಡಿ, ಅದೊಂದು ಅನುಕೂಲ.

ಅಮೆರಿಕದವರನ್ನು ನೋಡಿ ನಗೋಣ ಅಂದರೆ ಎದುರಿಗೇ ಗವಾನ್ ಮದರಸಾ ನಿಂತಿದೆ. ಮಹಮೂದ್ ಗವಾನ್ ಕೂಡ ಸಮುದ್ರ ದಾಟಿ ಇರಾನಿನ ಗೀಲಾನಿನಿಂದ ಬಂದವರೇ. ಬೀದರ ಆಳುತ್ತಿದ್ದ ಬಹಮನಿ ಸುಲ್ತಾನರ ಮಂತ್ರಿಯಾಗಿ 1472ರಲ್ಲಿ ಗೋವಾ ಗೆದ್ದುಕೊಟ್ಟರು, ಮದರಸಾ ಕಟ್ಟಿಸಿದರು. ಇಷ್ಟು ಮಾಡಿದವರ ಮೇಲೆ 1481ರಲ್ಲಿ ಸ್ಥಳೀಯ ಸರದಾರರು ರಾಜದ್ರೋಹದ ಖೋಟಾ ಪತ್ರ ಹುಟ್ಟಿಸಿದರು, ಸುಲ್ತಾನ ಹಿಂದೆಮುಂದೆ ನೋಡದೆ ತಲೆ ತೆಗೆಸಿದ. ಈಗ ಅದೇ ಮದರಸಾ ಮುಂದೆ ನಮ್ಮ ಸೆಲ್ಫಿ. ವೇದಿಕೆ ಹತ್ತಿದರೆ 'ನಮ್ಮ ಗವಾನ್'. ಐನೂರು ವರ್ಷ ತಾಳ್ಮೆಯಿಂದ ಸತ್ತಿದ್ದರೆ ಯಾರು ಬೇಕಾದರೂ ನಮ್ಮವರೇ ಆಗ್ತಾರೆ, ಅಲ್ವಾ?

ಬದುಕಿರುವವನ ಪಾಡು ಹೇಳ್ತೀನಿ ಕೇಳಿ. ನಾಳೆ ಗಾರೆ ಕೆಲಸಕ್ಕೆ ಬಂದ ಬಿಹಾರದ ಹುಡುಗನೊಬ್ಬ ಕಾರಂಜಾ ಹಿನ್ನೀರಿಗೆ ಜಿಗಿದು ನಮ್ಮವರ ಮಗುವನ್ನು ಎಳೆದು ತಂದ ಅಂದುಕೊಳ್ಳಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿಗುತ್ತೆ. ಫ್ಲೆಕ್ಸಿನಲ್ಲಿ ಮುಖಂಡರ ಮುಖಗಳ ಕೆಳಗೆ ಅಂಚೆಚೀಟಿಯಷ್ಟು ಜಾಗದಲ್ಲಿ ಅವನೂ ಇರುತ್ತಾನೆ. ಮರುದಿನ ಅವನು ಬಾಡಿಗೆ ಮನೆ ಕೇಳಿಕೊಂಡು ಬರುತ್ತಾನೆ, ಗುರುತಿಗೆ ಏನೂ ಇಲ್ಲದೆ ಆ ಶಾಲನ್ನೇ ತೋರಿಸುತ್ತಾನೆ. ಮನೆ ಮಾಲೀಕರು ಬಟ್ಟೆ ಮುಟ್ಟಿ ನೋಡಿ ಹೇಳ್ತಾರೆ: "ಶಾಲು ಛಲೋ ಅದ ತಮ್ಮಾ. ಆದ್ರ ಇದ್ರಾಗ ಅಡ್ರೆಸ್ ಎಲ್ಲದ?"