ರೋಡಿಯೋದಲ್ಲಿ ಬೀಳೋದನ್ನಲ್ಲ, ಕೂರೋದನ್ನು ನೋಡಿ

ಅಮೆರಿಕದ ರೋಡಿಯೋ ಅಂತ ನಮ್ಮ ಮೊಬೈಲುಗಳಲ್ಲಿ ಓಡಾಡುವ ವಿಡಿಯೋಗಳೆಲ್ಲ ಒಂದೇ ಥರ. ಗೂಳಿ ಎಗರುತ್ತೆ, ಸವಾರ ಹಾರಿ ಮಣ್ಣಿಗೆ ಬೀಳ್ತಾನೆ, ಜನ ಹೋ ಅಂತಾರೆ. ಬಿದ್ದದ್ದು ಯಾರ ಕಣ್ಣಿಗಾದರೂ ಕಾಣುತ್ತೆ. ಗೂಳಿಯೋ ಕುದುರೆಯೋ, ಎಗರುವ ಪ್ರಾಣಿಯ ಬೆನ್ನ ಮೇಲೆ ಸವಾರ 8 ಸೆಕೆಂಡು ಕೂರಬೇಕು. ಬೀಳದೆ ಕೂತದ್ದು ಹೇಗೆ ಅಂತ ಗೊತ್ತಾದ ಮೇಲೆಯೇ ಆ 8 ಸೆಕೆಂಡು ಎದೆ ಡವಡವ ಅನ್ನಿಸೋದು.

ಮೊದಲು ಅಂಕದ ಲೆಕ್ಕ ತಿಳ್ಕೊಳ್ಳಿ. ಸಾಮಾನ್ಯವಾಗಿ ಇಬ್ಬರು ತೀರ್ಪುಗಾರರು. ಒಬ್ಬೊಬ್ಬರೂ ಸವಾರನಿಗೆ 25ರವರೆಗೆ, ಪ್ರಾಣಿಗೆ 25ರವರೆಗೆ ಕೊಡ್ತಾರೆ, ಒಟ್ಟು 100. ಅಂದರೆ ಅರ್ಧ ಅಂಕ ಪ್ರಾಣಿಯದ್ದೇ. ಯಾವ ಪ್ರಾಣಿ ಯಾರ ಪಾಲಿಗೆ ಅನ್ನೋದು ಚೀಟಿ ಎತ್ತಿದ ಹಾಗೆ. ಮಂಕು ಕುದುರೆ ಸಿಕ್ಕರೆ ಎಷ್ಟು ಚಂದ ಕೂತರೂ ಅಂಕ ಏರಲ್ಲ. ಪ್ರಾಣಿ ಸರಿಯಾಗಿ ಎಗರಲೇ ಇಲ್ಲ ಅನ್ನಿಸಿದರೆ ತೀರ್ಪುಗಾರರು ಇನ್ನೊಂದು ಅವಕಾಶ ಕೊಡಬಹುದು. ಖಾಲಿ ಇರುವ ಕೈ ಪ್ರಾಣಿಗಾಗಲಿ ತನ್ನ ಮೈಗಾಗಲಿ ತಾಗಿತೋ, ಸವಾರಿ ಮುಗೀತು, ಅಂಕ ಇಲ್ಲ.

ನನ್ನ ಕೇಳಿದರೆ ರೋಡಿಯೋದ ಕಿರೀಟ ಗೂಳಿ ಸವಾರಿಯಲ್ಲ, ಸ್ಯಾಡಲ್ ಬ್ರಾಂಕ್, ಅಂದರೆ ಎಗರುವ ಕುದುರೆಗೆ ಜೀನು ಹಾಕಿ ಮಾಡುವ ಸವಾರಿ. ಜೀನು ಇರುತ್ತೆ, ಆದರೆ ಹಿಡ್ಕೊಳ್ಳೋಕೆ ಅದರ ಮುಂದೆ ಕೊಂಬು ಇರಲ್ಲ. ಬಾಯಿಗೆ ಕಡಿವಾಣವೂ ಇಲ್ಲ. ಕುದುರೆಯ ತಲೆಗೆ ಹಾಕಿದ ಹಾಲ್ಟರ್ ಪಟ್ಟಿಗೆ ಕಟ್ಟಿದ ಒಂದೇ ಒಂದು ದಪ್ಪ ಹೆಣೆದ ಹಗ್ಗ, ಅದೂ ಒಂದೇ ಕೈಯಲ್ಲಿ. ಆಟವೆಲ್ಲ ಆ ಹಗ್ಗದ ಅಳತೆಯಲ್ಲಿದೆ. ಚ್ಯೂಟ್ ಅಂದರೆ ಸವಾರಿಗೆ ಮುಂಚೆ ಪ್ರಾಣಿಯನ್ನು ನಿಲ್ಲಿಸುವ ಇಕ್ಕಟ್ಟಾದ ಕಟಕಟೆ. ಅದರ ಮೇಲೆ ಸವಾರ ಹಗ್ಗವನ್ನು ಜೀನಿನ ಮೇಲೆ ಎಳೆದು, ಮುಂದಿನ ಉಬ್ಬಿನ ಹಿಂದೆ ಮುಷ್ಟಿ ಇಟ್ಟು, ಹೆಬ್ಬೆರಳು ಚಾಚಿ ಎಲ್ಲಿ ಹಿಡಿಯಬೇಕು ಅಂತ ಗುರುತು ಮಾಡ್ಕೊಳ್ತಾನೆ. ಬೆರಳಗಲ ಗಿಡ್ಡವಾದರೂ ಕುದುರೆ ತಲೆ ತಗ್ಗಿಸಿದಾಗ ಅವನನ್ನು ಮುಂದಕ್ಕೆ ಎಳೆದು ಹಾಕುತ್ತೆ. ಉದ್ದವಾದರೆ ಹಗ್ಗ ಸಡಿಲ, ಮೈ ನಿಲ್ಲಿಸೋಕೆ ಆಸರೆಯೇ ಇಲ್ಲ. ಒಂದೊಂದು ಕುದುರೆ ತಲೆ ಹಿಡಿಯುವ ರೀತಿ ಒಂದೊಂದು, ಅದಕ್ಕೇ ಅಳತೆಯೂ ಬೇರೆ. ಆ ಕುದುರೆ ಹಿಂದೆ ಹತ್ತಿದ್ದವನು ಅಳತೆಯನ್ನು ತನ್ನ ಎದುರಾಳಿಗೇ ಹೇಳಿಕೊಡ್ತಾನೆ! ಈ ಆಟದ ಮೇಲೆ ನನಗೆ ಇಷ್ಟು ಪ್ರೀತಿ ಇರೋದಕ್ಕೆ ಇದೂ ಒಂದು ಕಾರಣ.

ಬಾಗಿಲು ತೆರೆದಾಗ ಸವಾರನ ಮುಖ ನೋಡಬೇಡಿ, ಕಾಲು ನೋಡಿ. ಮೊದಲ ನೆಗೆತದಲ್ಲಿ ಕುದುರೆಯ ಮುಂಗಾಲು ನೆಲ ಮುಟ್ಟುವಾಗ ಅವನ ಹಿಮ್ಮಡಿ ಅದರ ಭುಜದ ಮೇಲಿರಲೇಬೇಕು. ಇದಕ್ಕೆ ಮಾರ್ಕ್ ಔಟ್ ಅಂತಾರೆ. ತಪ್ಪಿದರೆ ಮುಂದಿನ ಏಳು ಸೆಕೆಂಡು ಎಷ್ಟು ಸೊಗಸಾಗಿದ್ದರೂ ಸೊನ್ನೆ. ಆಮೇಲೆ ಪ್ರತಿ ನೆಗೆತಕ್ಕೂ ಕಾಲು ಭುಜದಿಂದ ಜೀನಿನ ಹಿಂಬದಿವರೆಗೆ ಹೋಗಿ, ಮುಂಗಾಲು ನೆಲಕ್ಕೆ ಇಳಿಯೋದರೊಳಗೆ ಭುಜಕ್ಕೆ ವಾಪಸ್ ಬರಬೇಕು. ತಾಳ ಕೂಡಿದರೆ ತೊಟ್ಟಿಲು ತೂಗಿದ ಹಾಗಿರುತ್ತೆ. ಒಂದು ರಿಕಾಪಿನಿಂದ ಪಾದ ಜಾರಿತೋ, ಅಲ್ಲಿಗೆ ಅನರ್ಹ.

ಗೂಳಿ ಸವಾರಿಯಲ್ಲಿ ಮಾರ್ಕ್ ಔಟ್ ಇಲ್ಲ. ರಾಳ ತಿಕ್ಕಿದ ಚಪ್ಪಟೆ ಹಗ್ಗ, ಕೈಗವಸು, ಹಗ್ಗದ ಕೆಳಗೆ ತೂಗುವ ಗಂಟೆ. ಗಂಟೆ ಅಲಂಕಾರಕ್ಕಲ್ಲ, ಸವಾರ ಕೈಬಿಟ್ಟಾಗ ಅದರ ಭಾರಕ್ಕೆ ಹಗ್ಗ ಕಳಚಿ ಬೀಳಲಿ ಅಂತ. ಗೂಳಿ ಗಿರಗಿರ ತಿರುಗುವಾಗ ಒಳಬದಿಯನ್ನು ಸವಾರರು 'ಬಾವಿ' ಅಂತಾರೆ. ಹಿಡಿದ ಕೈಯಿಂದಾಚೆ ಬಾವಿಯ ಕಡೆ ಬಿದ್ದರೆ ಕೈ ಹಗ್ಗದಲ್ಲೇ ಸಿಕ್ಕಿಬೀಳುವ ಅಪಾಯ. 309 ಸಲ ಯಾರನ್ನೂ ಕೂರಗೊಡದ ರೆಡ್ ರಾಕ್ ಅನ್ನುವ ಗೂಳಿಯನ್ನು 1988ರಲ್ಲಿ ಏಳರಲ್ಲಿ ನಾಲ್ಕು ಸಲ ಗೆದ್ದವರು ಸವಾರ ಲೇನ್ ಫ್ರಾಸ್ಟ್. ಮರುವರ್ಷ ವಯೋಮಿಂಗ್ ರಾಜ್ಯದ ಶೈಯೆನ್‌ನ ರೋಡಿಯೋದಲ್ಲಿ ಅವರು ತೀರಿಕೊಂಡದ್ದು ಸವಾರಿಯಲ್ಲಲ್ಲ. 8 ಸೆಕೆಂಡು ಪೂರೈಸಿ ಇಳಿದ ಮೇಲೆ ಗೂಳಿ ಹಿಂದಿನಿಂದ ಗುದ್ದಿತ್ತು. ಎದೆಗವಚ ರೂಢಿಗೆ ಬಂದದ್ದು ಆಮೇಲೆ. ಅದಕ್ಕೇ ಬಜರ್ ಆದ ಕೂಡಲೇ ಚಪ್ಪಾಳೆಗೆ ಕಣ್ಣು ತಿರುಗಿಸಬೇಡಿ. ಬಿದ್ದ ಸವಾರನನ್ನು ಕಾಪಾಡೋಕೆ ಅಖಾಡದಲ್ಲೇ ನಿಂತಿರುವ ಬುಲ್‌ಫೈಟರುಗಳು ಗೂಳಿಯ ಮೂತಿ ಹತ್ತಿರಕ್ಕೇ ನುಗ್ಗಿ, ಅದು ತಿರುಗೋದಕ್ಕಿಂತ ಚಿಕ್ಕ ಸುತ್ತು ಹಾಕ್ತಾ ಅದನ್ನು ತಮ್ಮ ಕಡೆ ಎಳೆಯೋದು ಆಗಲೇ. ಅಖಾಡದ ನಿಜವಾದ ಗಟ್ಟಿಗರು ಅವರು.

ಕುದುರೆ, ಗೂಳಿ ಎಗರಲಿ ಅಂತ ವೃಷಣಕ್ಕೆ ಹಗ್ಗ ಕಟ್ತಾರೆ ಅನ್ನೋ ಮಾತು ಸುಳ್ಳು. ಪಟ್ಟಿ ಕಟ್ಟೋದು ಪಕ್ಕೆಯ ಹಿಂದೆ, ಹೊಟ್ಟೆಯ ಸುತ್ತ. ಸವಾರಿ ಮುಗಿದ ಮೇಲೆ ಬಿಚ್ಚುತ್ತಾರೆ. ಆದರೆ ಓಡುವ ಕರುವಿನ ಕುತ್ತಿಗೆಗೆ ಹಗ್ಗ ಬೀಸಿ, ನೆಲಕ್ಕೆ ಕೆಡವಿ, ಮೂರು ಕಾಲು ಕಟ್ಟುವ ಸ್ಪರ್ಧೆಯನ್ನು ನನಗೆ ಖುಷಿಯಿಂದ ನೋಡೋಕಾಗಲ್ಲ. ಹೆಣ್ಣುಮಕ್ಕಳು ಆಡುವ ಬ್ರೇಕ್‌ಅವೇ ರೋಪಿಂಗ್ ಎಷ್ಟೋ ವಾಸಿ. ಹಗ್ಗದ ತುದಿಯನ್ನು ಜೀನಿನ ಕೊಂಬಿಗೆ ತೆಳು ದಾರದಿಂದ ಕಟ್ಟಿರ್ತಾರೆ. ಕುಣಿಕೆ ಬಿದ್ದ ಕರು ಓಡ್ತಾ ಇರುವಾಗಲೇ ದಾರ ಫಟ್ ಅಂತ ಕಿತ್ತು ಹೋಗುತ್ತೆ, ಗಡಿಯಾರ ನಿಲ್ಲುತ್ತೆ. ಪಳಗಿದವರಿಗೆ ಎರಡು ಮೂರು ಸೆಕೆಂಡು ಸಾಕು. ಕರು ಮೊದಲು ಓಡೋಕೆ ಬಿಡಬೇಕು, ಅದಕ್ಕೂ ಮುಂಚೆ ಕುದುರೆ ನುಗ್ಗಿ ತನ್ನ ಮುಂದೆ ಕಟ್ಟಿದ ಅಡ್ಡಹಗ್ಗ ಮುರಿದರೆ ಮಾತ್ರ 10 ಸೆಕೆಂಡು ದಂಡ, ಗೆಲುವಿನ ಆಸೆ ಬಿಟ್ಟ ಹಾಗೇ.

ಬ್ಯಾರಲ್ ರೇಸಿಂಗ್‌ನಲ್ಲಿ ಕುದುರೆ ಮೇಲೆ ಬೇಗಬೇಗ ಮೂರು ಪೀಪಾಯಿ ಸುತ್ತಿ ಬರಬೇಕು, ಒಂದು ಉರುಳಿದರೆ 5 ಸೆಕೆಂಡು ದಂಡ. ತಾಗಿದರೆ ಪರವಾಗಿಲ್ಲ, ಅಲ್ಲಾಡುವ ಪೀಪಾಯಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಲೂಬಹುದು. 1985ರ ರಾಷ್ಟ್ರೀಯ ಫೈನಲ್ಸ್‌ನಲ್ಲಿ ಶಾರ್ಮೇನ್ ಜೇಮ್ಸ್ ಅವರ ಕುದುರೆ ಸ್ಕ್ಯಾಂಪರ್‌ನ ತಲೆಯಿಂದ ಕಡಿವಾಣ ಕಳಚಿತು. ಲಗಾಮು ಎಳೆದು ಪ್ರಯೋಜನವೇ ಇಲ್ಲ. ಆದರೂ ಅದು ಪೀಪಾಯಿಗಳನ್ನು ಸುತ್ತಿ ಬಂದು ಆ ಸುತ್ತು ಗೆದ್ದಿತು!

ಹ್ಯೂಸ್ಟನ್ ಕಡೆ ಇರುವ ನಮ್ಮವರಿಗೆ ಪ್ರತಿ ಮಾರ್ಚ್‌ನಲ್ಲಿ ಮನೆ ಹತ್ತಿರವೇ ಇದೆಲ್ಲ ಸಿಗುತ್ತೆ. ಟಿಕೆಟ್ ತಗೊಳ್ಳುವಾಗ ಚ್ಯೂಟ್ ಯಾವ ಬದಿಗಿದೆ ಅಂತ ನಕ್ಷೆಯಲ್ಲಿ ನೋಡಿ, ಅದರ ಹತ್ತಿರ ಕೂರಿ. ಸವಾರ ತಲೆ ಆಡಿಸಿದರೇನೇ ಬಾಗಿಲು ತೆರೆಯೋದು. ಅಲ್ಲಿಂದ ಅವನ ಹಿಮ್ಮಡಿಯ ಮೇಲೆ ಕಣ್ಣಿಡಿ.