ಬಾಣಲೆ ಅಗಲವಾಯ್ತು ಅಂದವಳು ಮದುವೆ ಬೇಡ ಅಂದಳಾ?

ತಾನೇ ಹಾಡು ಬರೆದು ಹಾಡುವ ಕೆನಡಾದ ಗಾಯಕಿ ಜೋನಿ ಮಿಚೆಲ್ ಹೆಸರು ಬಂದರೆ ಸಾಕು, ಯಾರಾದರೂ ಒಬ್ಬರು 'ಮೈ ಓಲ್ಡ್ ಮ್ಯಾನ್' (ಅಂದರೆ 'ನನ್ನವನು') ಹಾಡಿನ ಆ ಮಾತು ಎತ್ತುತ್ತಾರೆ. ನಮ್ಮಿಬ್ಬರನ್ನು ಕಟ್ಟಿಹಾಕೋಕೆ ಸಿಟಿ ಹಾಲ್‌ನ ಮದುವೆ ಕಾಗದ ಬೇಕಿಲ್ಲ ಅಂತ ಹಾಡುತ್ತಾಳಲ್ಲ, ಅದು. 1971ರ 'ಬ್ಲೂ' ಆಲ್ಬಂ, ಹಿಪ್ಪಿಗಳ ಕಾಲ. ಸರಿ, ಇವಳಿಗೆ ಮದುವೆ ಅಂದರೇನೇ ಆಗಲ್ಲ ಅಂತ ತೀರ್ಮಾನ ಮಾಡಿ ಮುಗಿಸಿಬಿಡುತ್ತಾರೆ.

ಸ್ವಲ್ಪ ತಡೀರಿ. ಅದೇ ಹಾಡಲ್ಲಿ ಅವನು ಮನೆಯಲ್ಲಿ ಇಲ್ಲದಾಗ ಹಾಸಿಗೆ ತೀರಾ ದೊಡ್ಡದಾಯ್ತು, ಬಾಣಲೆ ತೀರಾ ಅಗಲವಾಯ್ತು ಅನ್ನುತ್ತಾಳೆ. ವಿರಹಕ್ಕೆ ಚಂದ್ರ, ಮಳೆ, ಕೋಗಿಲೆ ಎಲ್ಲಾ ಬಿಟ್ಟು ಬಾಣಲೆ! ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಾಗ ನಾನೊಬ್ಬನೇ ಆಮ್ಲೆಟ್ ಹಾಕಿಕೊಳ್ಳುತ್ತಿದ್ದೆ. ಇಬ್ಬರಿಗೆ ಅಂತ ತಂದಿದ್ದ ಬಾಣಲೆ, ನಡುವೆ ಒಂದೇ ಮೊಟ್ಟೆ, ಎಣ್ಣೆಯೆಲ್ಲಾ ಒಂದು ಕಡೆ ಓಡುತ್ತಿತ್ತು. ಆ ಸಾಲು ಬರೆದವಳು ಸಂಸಾರ ಬೇಡ ಅಂದಳು ಅಂತ ಹೇಗ್ರೀ ನಂಬೋದು?

ಇನ್ನೊಂದು ವಿಷಯ. ಆಲ್ಬಂನಲ್ಲಿ ಇದರ ಮುಂದಿನ ಹಾಡೇ 'ಲಿಟಲ್ ಗ್ರೀನ್'. ಅದರಲ್ಲೂ ಕಾಗದ ಬರುತ್ತೆ. ಹೆತ್ತ ಮಗಳನ್ನು ಬೇರೆಯವರಿಗೆ ಕೊಡೋಕೆ ತಾಯಿ ಸಹಿ ಹಾಕೋ ಕಾಗದ. 1965ರಲ್ಲಿ ಟೊರಾಂಟೊದಲ್ಲಿ ಜೋನಿಗೆ ಮಗಳು ಹುಟ್ಟಿದಳು. ಕೈಯಲ್ಲಿ ಕಾಸಿಲ್ಲ, ಮದುವೆಯೂ ಆಗಿರಲಿಲ್ಲ. ಅದೇ ವರ್ಷ ಚಕ್ ಮಿಚೆಲ್ ಜೊತೆ ಮದುವೆಯಾಯ್ತು, ಆದರೂ ಮಗುವನ್ನು ಇಟ್ಟುಕೊಳ್ಳಲಾಗದೆ ದತ್ತು ಕೊಟ್ಟಳು, ಒಂದೆರಡು ವರ್ಷಕ್ಕೆ ಆ ಮದುವೆಯೂ ಉಳಿಯಲಿಲ್ಲ. 1971ರಲ್ಲಿ ಕೇಳಿದವರಿಗೆ ಇದು ಗೊತ್ತಿರಲಿಲ್ಲ, ತಾಯಿ ಮಗಳು ಮತ್ತೆ ಸಿಕ್ಕಿದ್ದೇ 1997ರಲ್ಲಿ. ಎರಡು ಹಾಡೂ ಒಂದಾದ ಮೇಲೊಂದು ಕೇಳಿ ನೋಡಿ. ಕಾಗದ ಅಂದರೆ ಇವಳಿಗೆ ಯಾಕೆ ಅಷ್ಟು ಸಿಟ್ಟು ಅಂತ ನನಗಂತೂ ಬೇರೆ ಥರವೇ ಕೇಳಿಸುತ್ತೆ.

ಹಾಗಂತ ಮದುವೆಯನ್ನು ಹೊಗಳಿದಳು ಅಂತಲೂ ಅಲ್ಲ. ಆಲ್ಬಂನ ಕೊನೆ ಹಾಡಿನ ರಿಚರ್ಡ್ ಮದುವೆಯಾಗಿ ಹೆಂಡತಿಗೆ ಪಾತ್ರೆ ತೊಳೆಯೋ ಮೆಷಿನ್, ಕಾಫಿ ಪರ್ಕೊಲೇಟರ್ ಕೊಡಿಸಿ, ಹೆಚ್ಚಿನ ರಾತ್ರಿಗಳಲ್ಲಿ ಟಿವಿ ಹಾಕಿಕೊಂಡು ಕುಡಿಯುತ್ತಾ ಕೂತಿರುತ್ತಾನೆ. ಸಾಮಾನೆಲ್ಲಾ ಇದೆ, ಮನೆಯಲ್ಲಿ ಮಾತೇ ಇಲ್ಲ. ಗೇಲಿ ಇದೆ ಅದರಲ್ಲಿ, ಸ್ವಲ್ಪ ಜಾಸ್ತಿನೇ ಇದೆ.

1982ರಲ್ಲಿ ಬೇಸ್ ಗಿಟಾರ್ ನುಡಿಸೋ ಲ್ಯಾರಿ ಕ್ಲೈನ್ ಜೊತೆ ಇನ್ನೊಂದು ಮದುವೆಯಾದಳು, ಅದು 1994ರಲ್ಲಿ ಮುಗಿಯಿತು. ಸುಮ್ನೆ ಇದನ್ನೇ ಹಿಡಿದುಕೊಂಡು "ನೋಡಿ, ಹಾಡಿದ್ದೊಂದು ಮಾಡಿದ್ದೊಂದು" ಅನ್ನೋರೂ ಇದ್ದಾರೆ. ಹಾಡೇನು ಕೋರ್ಟಿಗೆ ಕೊಟ್ಟ ಅಫಿಡವಿಟ್ಟಾ?

ನನಗೆ ಎಲ್ಲಕ್ಕಿಂತ ಇಷ್ಟ 1976ರ 'ಸಾಂಗ್ ಫಾರ್ ಶರನ್'. ಎಂಟು ನಿಮಿಷ ದಾಟುತ್ತೆ, ಕೋರಸ್ ಇಲ್ಲ, ಬಾಲ್ಯದ ಗೆಳತಿಗೆ ಕಾಗದ ಬರೆದ ಹಾಗಿದೆ. ನಿನಗೆ ಗಂಡ ಇದ್ದಾನೆ, ಹೊಲ ಇದೆ, ನನಗೆ ಬೈಬಲ್ಲಿನ ಈವ್ ತಿಂದಂಥ ಆಸೆಯ ಸೇಬು ಅನ್ನುತ್ತಾಳೆ. ಹಾಡು ಶುರುವಾಗೋದು ಮ್ಯಾಂಡೊಲಿನ್ ಕೊಳ್ಳೋಕೆ ಅಂತ ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡಿಗೆ ಹೊರಟಲ್ಲಿಂದ. ದಾರಿಯಲ್ಲಿ ಅಂಗಡಿ ಗಾಜಿನ ಹಿಂದೆ ಬೊಂಬೆಗೆ ಉಡಿಸಿದ್ದ ಬಿಳಿ ಮದುವೆ ಉಡುಪು ಕಣ್ಣಿಗೆ ಬೀಳುತ್ತೆ. ಮ್ಯಾಂಡೊಲಿನ್ ಕೊಂಡಳಾ ಇಲ್ವಾ ಅಂತ ಆಮೇಲೆ ಹೇಳೋದೇ ಇಲ್ಲ.